ಎರಡೂ ಬಣಕ್ಕೆ ಚಹಾ ಕಾಸುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯಂಚಿನ ಹಳೆಯ ಸುಂಕದ ಕಟ್ಟೆಯ ಹಿಂಬದಿಯ ಅಡುಗೆಕೋಣೆಯಲ್ಲಿ ಒಲೆಯ ಮೇಲೆ ಎರಡು ಕೆಟಲ್ ಕೂತಿವೆ. ನೀರು ಒಂದೇ ನಲ್ಲಿಯದು, ಚಹಾಪುಡಿ ಒಂದೇ ಡಬ್ಬಿಯದು. ಆದರೂ ಕೆಟಲ್ ಎರಡಿರಬೇಕು, ಎರಡೂ ಒಟ್ಟಿಗೇ ಕುದಿಯಬೇಕು. ಒಂದು ಬಣಕ್ಕೆ ಚಹಾ ಮೊದಲು ಹೋದರೆ ಇನ್ನೊಂದು ಬಣದ ಮುಖ ಊದಿಕೊಳ್ಳುತ್ತದೆ. "ಸ್ವಲ್ಪ ತಡ್ಕೊ, ನಿನ್ನ ಜೊತೆಯವನೂ ಬರ್ಲಿ" ಎಂದು ಚಹಾದಮ್ಮ ಅವಸರದ ಕೆಟಲ್ಲಿನ ಉರಿ ತಗ್ಗಿಸಿ, ನೋಯುವ ಮೊಣಕಾಲು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ.

ಜಗತ್ತನ್ನೇ ಹಂಚಿಕೊಂಡಂತೆ ಮೆರೆಯುವ ಎರಡು ದೈತ್ಯ ದೇಶಗಳ ಪ್ರತಿನಿಧಿಗಳು ಮಾತಿಗೆ ಕೂರುವುದು ಈ ಕಟ್ಟಡದಲ್ಲೇ. ಈ ದಡಕ್ಕೆ ಒಬ್ಬರ ಕಾವಲು, ಆಚೆ ದಡಕ್ಕೆ ಇನ್ನೊಬ್ಬರದು. ನಡುವಿನ ಸೇತುವೆಗೆ ಮುಳ್ಳುತಂತಿ ಬಿದ್ದು ಹನ್ನೆರಡು ವರ್ಷವಾಯಿತು. ಅದನ್ನು ತೆರೆಯುವ ಬಗ್ಗೆಯೇ ಮಾತುಕತೆ. ಒಬ್ಬರದು ಮನುಷ್ಯರೆಲ್ಲ ಸಮಾನರಾಗಿರಬೇಕೆಂಬ ಸಿದ್ಧಾಂತ, ಇನ್ನೊಬ್ಬರದು ಅವರವರ ಬದುಕು ಅವರವರ ಆಯ್ಕೆಯೆಂಬ ಸಿದ್ಧಾಂತ. ಚಹಾದಮ್ಮನ ಬಾಯಲ್ಲಿ ಇವೆರಡೂ ಮೊಟಕಾಗಿವೆ. ಒಬ್ಬರು 'ಸಮದವರು', ಇನ್ನೊಬ್ಬರು 'ಇಷ್ಟದವರು'.

ಸಮದವರಿಗೆ ಎಲ್ಲ ಲೋಟವೂ ಬಿಳಿ, ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ಚಹಾ, ಒಂದೇ ಚಮಚ ಸಕ್ಕರೆ. ಇಷ್ಟದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಲೋಟ, ಅವರವರೇ ಆರಿಸಿಕೊಂಡದ್ದು. ಒಬ್ಬರಿಗೆ ಹಾಲು ಬೇಡ, ಒಬ್ಬರಿಗೆ ಬರೀ ಹಾಲು, ಇನ್ನೊಬ್ಬರಿಗೆ ಬಿಸಿನೀರು ಸಾಕು. ಚಹಾ ಕುಡಿಯುತ್ತಿದ್ದ ಕಾಲದಲ್ಲಿ ಸಮದವರು ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳುತ್ತಿರಲಿಲ್ಲ. ತಾವೇ ಲೋಟ ಎತ್ತಿಕೊಳ್ಳುತ್ತಿದ್ದರು. "ಕುಡಿದಾದ ಮೇಲೆ ಮಾತ್ರ ಅಲ್ಲೇ ಬಿಟ್ಟು ಹೋಗ್ತಿದ್ರು. ತೊಳೆಯೋ ವಿಷಯಕ್ಕೆ ಅವರ ಸಿದ್ಧಾಂತ ಇನ್ನೂ ಬಂದಿಲ್ಲ ಅನ್ಸುತ್ತೆ" ಎಂದು ಚಹಾದಮ್ಮ ನಗುತ್ತಾರೆ. ಇಷ್ಟದವರನ್ನೂ ಅವರು ಸುಮ್ಮನೆ ಬಿಡುವುದಿಲ್ಲ. "ಅಷ್ಟೊಂದು ಆಯ್ಕೆ ಇದ್ಯಲ್ಲ, ಒಂದು ದಿನಾನಾದ್ರೂ ಬೇರೆ ಲೋಟ ತಗೊಂಡಿದ್ದು ನಾನು ನೋಡಿಲ್ಲ."

ನಗು ಬೇಗನೆ ಆರಿಹೋಗುತ್ತದೆ. ಅಡುಗೆಕೋಣೆಯ ಕಿಟಕಿಯಿಂದ ಆಚೆ ದಡದ ಮನೆಗಳ ಸಾಲು ಕಾಣುತ್ತದೆ. ಅದರಲ್ಲಿ ಹಸಿರು ಬಾಗಿಲಿನದು ಮಗಳ ಮನೆ. ಸೊಪ್ಪು ತರಲು ಜನ ಸೇತುವೆ ದಾಟುತ್ತಿದ್ದ ಕಾಲದಲ್ಲಿ ಅಲ್ಲಿನ ದರ್ಜಿಯೊಬ್ಬನಿಗೆ ಕೊಟ್ಟು ಮದುವೆ ಮಾಡಿದ್ದರು. ಕೂಗಳತೆಯಲ್ಲಿರುವ ಮಗಳು, ಬೇಕೆಂದಾಗ ಬಂದು ಹೋಗುತ್ತಾಳೆ ಎಂಬ ಧೈರ್ಯ. ಈಗ ಫೋನೂ ಇಲ್ಲ, ಕಾಗದವೂ ಇಲ್ಲ. ಮೊಮ್ಮಗು ಹುಟ್ಟಿದ್ದು ಗೊತ್ತಾದದ್ದೂ ಆ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ನೋಡಿಯೇ. "ಮೊದಲು ಅಂಗೈಯಗಲದ ಬಟ್ಟೆ ಒಣಗ್ತಿತ್ತು. ಈಗ ಉದ್ದುದ್ದ ಪ್ಯಾಂಟು. ಅಷ್ಟು ಬೆಳೆದಿದಾನೆ. ಮುಖ ಹೇಗಿದ್ಯೋ, ಯಾರಿಗೆ ಗೊತ್ತು." ವಯಸ್ಸಾಯಿತು, ಪಿಂಚಣಿ ತೆಗೆದುಕೊಂಡು ಮನೆಯಲ್ಲಿರಿ ಎಂದು ಕಚೇರಿಯವರು ಎರಡು ಸಲ ಹೇಳಿದ್ದಾರೆ. ಚಹಾದಮ್ಮ ಕಿವಿಗೆ ಹಾಕಿಕೊಂಡಿಲ್ಲ. ಅವರ ಮನೆಯಲ್ಲಿ ಈ ಕಿಟಕಿ ಇಲ್ಲ.

ಒಂದು ಸಲ ಸೇತುವೆ ಇನ್ನೇನು ತೆರೆದೇಬಿಟ್ಟಿತು ಎನ್ನುವ ಹಾಗಾಗಿತ್ತು. ಆಗ ಸಮದವರ ಮುಖ್ಯಸ್ಥರಾಗಿದ್ದವರು ಒಬ್ಬ ವಯಸ್ಸಾದ ಮನುಷ್ಯ. ಚಹಾದಮ್ಮ ಅವರನ್ನು 'ಹಿರೀಕರು' ಎನ್ನುತ್ತಾರೆ. ಒಳಗೆ ಬರುವಾಗ "ಇವತ್ತು ಹಗ್ಗದ ಮೇಲೆ ಏನಿದೆಯಮ್ಮ?" ಎಂದು ಕೇಳುತ್ತಿದ್ದವರು ಅವರೊಬ್ಬರೇ. ವರ್ಷಗಟ್ಟಲೆ ಜಗ್ಗಾಡಿ ಒಪ್ಪಂದದ ಕರಡು ಸಿದ್ಧವಾಯಿತು. ಸಹಿಯ ದಿನ ಫೋಟೋದವರನ್ನೂ ಒಳಗೆ ಬಿಟ್ಟರು. ಹಿರೀಕರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿಗೆ ಹಿಡಿದು ಕೊನೆಯ ಸಲ ಓದುತ್ತಿದ್ದರು. ಓದುತ್ತಲೇ ಕೈ ಚಾಚಿ ಒಂದು ಲೋಟ ಎತ್ತಿ ಗುಟುಕರಿಸಿದರು. "ಇವತ್ತು ಸಕ್ಕರೆ ಜಾಸ್ತಿ ಆಯ್ತಲ್ಲಮ್ಮ" ಎಂದರು. ಅವರ ಕೈಯಲ್ಲಿದ್ದದ್ದು ನೀಲಿ ಲೋಟ. ಎದುರು ಬಣದ ಮುಖ್ಯಸ್ಥರದು.

ಎದುರಿನವರು ನಕ್ಕು ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕ್ಯಾಮೆರಾ ಮಿಂಚಿಬಿಟ್ಟಿತ್ತು. ಸಮದವರ ಕಡೆಯ ಒಬ್ಬ ಅಧಿಕಾರಿ ಹಿರೀಕರ ಕಿವಿಯಲ್ಲಿ ಏನೋ ಉಸುರಿ, ಸಹಿ ನಾಳೆಗೆ ಎಂದ. ಮರುದಿನ ಇಷ್ಟದವರ ಪತ್ರಿಕೆಗಳಲ್ಲೆಲ್ಲ ಅದೇ ಚಿತ್ರ. ಅವಕಾಶ ಸಿಕ್ಕರೆ ಅವರೂ ಆಯ್ಕೆ ಮಾಡುತ್ತಾರೆ ನೋಡಿ ಎಂದು ಕುಣಿದಾಡಿದರು. ಹಿರೀಕರ ನಿಷ್ಠೆ ಸಡಿಲವಾಗಿದೆ ಎಂದು ಅವರ ದೇಶದವರೇ ಅವರನ್ನು ವಾಪಸ್ ಕರೆಸಿಕೊಂಡರು. ಕರಡು ಕಪಾಟು ಸೇರಿತು. ಅದಕ್ಕೀಗ ಐದು ವರ್ಷ.

"ಹೋಗುವಾಗ ಅಡುಗೆಮನೆ ಬಾಗಿಲಿಗೆ ಬಂದಿದ್ರು. ತಪ್ಪಾಯ್ತು ತಾಯಿ ಅಂದ್ರು. ಅಷ್ಟು ದೊಡ್ಡ ಮನುಷ್ಯರು!" ಚಹಾದಮ್ಮ ಕಣ್ಣೊರೆಸಿಕೊಳ್ಳುತ್ತಾರೆ. "ಬಾಯಾರಿದವರು ಕೈಗೆ ಸಿಕ್ಕಿದ್ದು ಕುಡಿದ್ರು. ಅದರಲ್ಲಿ ತಪ್ಪೇನು ಬಂತು? ಏನಾದ್ರೋ ಏನೋ, ಆಮೇಲೆ ಸುದ್ದಿನೇ ಇಲ್ಲ."

ಈಗ ಎರಡೂ ಬಣದವರು ಮನೆಯಿಂದಲೇ ನೀರಿನ ಬಾಟಲಿ ತರುತ್ತಾರೆ. ಮೇಜಿನ ಮೇಲಿನ ಚಹಾವನ್ನು ಯಾರೂ ಮುಟ್ಟುವುದಿಲ್ಲ. ಇಡದೆ ಇರುವಂತೆಯೂ ಇಲ್ಲ, ಚಹಾ ಇಲ್ಲದಿದ್ದರೆ ಸಭೆ ನಿಯಮದ ಪ್ರಕಾರ ಸಭೆಯೇ ಅಲ್ಲ. ಹಾಗಾಗಿ ಚಹಾದಮ್ಮ ಬೆಳಿಗ್ಗೆ ಕಾಸುತ್ತಾರೆ, ಮಧ್ಯಾಹ್ನ ಚೆಲ್ಲುತ್ತಾರೆ. ಎಲ್ಲರಿಗೂ ಒಂದೇ ಥರದ ಲೋಟ ಇಟ್ಟುಬಿಡೋಣ ಎಂದು ಅವರು ಒಮ್ಮೆ ಕೇಳಿ ನೋಡಿದ್ದಾರೆ. ಸಮದವರು ಕುಣಿದು ಒಪ್ಪಿದರು. ಅವರು ಒಪ್ಪಿದರು ಎಂಬ ಒಂದೇ ಕಾರಣಕ್ಕೆ ಇಷ್ಟದವರು ಒಪ್ಪಲಿಲ್ಲ.

"ಇಬ್ಬರ ಮಾತೂ ಕೇಳೋಕೆ ಸರಿನೇ ಇರುತ್ತೆ" ಎನ್ನುತ್ತಾರೆ ಚಹಾದಮ್ಮ, ಆರಿದ ಚಹಾವನ್ನು ತೊಟ್ಟಿಗೆ ಸುರಿಯುತ್ತಾ. "ಎಲ್ಲರೂ ಸಮ ಇರಬೇಕು, ನಿಜ. ಅವರವರ ಇಷ್ಟ ನಡೀಬೇಕು, ಅದೂ ನಿಜ. ಕೇಳಿ ಕೇಳಿ ಸಾಕಾಗಿದೆ. ನನಗೆ ಮಗಳು ಬೇಕು, ಅದು ಯಾರ ಪಟ್ಟಿಯಲ್ಲೂ ಇಲ್ಲ."

ಇವತ್ತಿನ ಸಭೆಯೂ ಮುಂದಕ್ಕೆ ಹೋಗಿದೆ. ಕಾರುಗಳು ಎರಡು ಬೇರೆ ಬೇರೆ ಬಾಗಿಲಿನಿಂದ ಹೊರಟಿವೆ. ಸೇತುವೆ ತೆರೆದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಚಹಾದಮ್ಮ ಕೊನೆಯ ಲೋಟ ತೊಳೆದು ಕವುಚಿಡುತ್ತಾರೆ.

"ಅವಳ ಮನೇಲಿ ಕೂತು ಒಂದು ಲೋಟ ಚಹಾ ಮಾಡಿಸ್ಕೊಂಡು ಕುಡೀತೀನಿ. ಈ ಹನ್ನೆರಡು ವರ್ಷದಲ್ಲಿ ಇಲ್ಲಿಗೆ ಬಂದು ಹೋದವರಲ್ಲಿ ಯಾರಿಗೆ ಎಷ್ಟು ಸಕ್ಕರೆ ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಿಟಕಿಯತ್ತ ತಿರುಗುತ್ತಾರೆ. "ನನ್ನ ಮಗಳು ಈಗ ಎಷ್ಟು ಹಾಕ್ಕೋತಾಳೆ, ಅದು ಗೊತ್ತಿಲ್ಲ."