ಆಣೆಗೆ ಸಿಕ್ಕ ಪಾಸ್‌ವರ್ಡು

ನಮ್ಮ ಅಫಜಲಪುರದ ಕಡೆ ಮನೆಗೆ ಬೀಗ ಹಾಕುವುದು ಕಳ್ಳನ ಭಯಕ್ಕಲ್ಲ, ಬಂದ ನೆಂಟರಿಗೆ ನಾವು ಊರಲ್ಲಿಲ್ಲವೆಂದು ತಿಳಿಯಲಿ ಅಂತ. ಕೀಲಿಕೈ ಪಕ್ಕದ ಮನೆಯಲ್ಲಿರುತ್ತದೆ. ಪಕ್ಕದವರೂ ಊರಿಗೆ ಹೊರಟರೆ ಎರಡೂ ಮನೆಯ ಕೀಲಿಕೈಗಳು ಓಣಿಯ ಕಿರಾಣಿ ಅಂಗಡಿಗೆ ಹೋಗುತ್ತವೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ, ತೊಂಬತ್ತರ ದಶಕದ ಕೊನೆಯಲ್ಲಿ, ಯಾರಿಗೂ ಕೊಡಬಾರದ ಒಂದು ಕೀಲಿಕೈ ಗಂಟುಬಿತ್ತು. ಅದಕ್ಕೆ ಪಾಸ್‌ವರ್ಡು ಅನ್ನುತ್ತಾರಂತೆ.

ಆಗ ನಾನು ತಾಲೂಕಿನ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ತರ. ಶಾಲೆಗೊಂದು ಕಂಪ್ಯೂಟರ್ ಬಂದಿತ್ತು. ಕುಂಕುಮ ಹಚ್ಚಿ, ಕಾಯಿ ಒಡೆದು, ಹೊಸ ಬೆಡ್‌ಶೀಟು ಹೊದಿಸಿ ಅದನ್ನು ಕೂಡಿಸಿದ್ದೆವು. ಆ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ನಮ್ಮ ಬಿಸಿಲಿನಲ್ಲಿ ಮಕ್ಕಳಿಗಿಲ್ಲದ ಫ್ಯಾನು ಅದಕ್ಕಿತ್ತು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ಯಂತ್ರಕ್ಕೆ ಏನಾದರೂ ಕೆಲಸ ಕೊಡಬೇಕಲ್ಲ, ಪ್ರಶ್ನೆಪತ್ರಿಕೆ ಕಾಯುವ ಕೆಲಸ ಕೊಟ್ಟೆ.

ಕಾರಣವಿತ್ತು. ನಮ್ಮ ಪ್ರಶ್ನೆಪತ್ರಿಕೆಗಳು ವರ್ಗಕ್ಕೆ ಬರುವ ಮೊದಲು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿಬರುತ್ತಿದ್ದವು. ಒಮ್ಮೆ ಪರೀಕ್ಷೆಯ ಹಿಂದಿನ ದಿನವೇ ಭೂಗೋಳದ ಪ್ರಶ್ನೆಗಳು ಮಿರ್ಚಿಭಜಿ ಸುತ್ತಿಕೊಂಡು ನನ್ನ ಕೈಗೇ ಬಂದವು. ಆ ವರ್ಷ ಸಭೆ ಕರೆದು, ಇನ್ನು ನೊಣವೂ ಒಳಗೆ ನುಸುಳದು ಎಂದು ಭಾಷಣ ಬಿಗಿದೆ. ಒಂಬತ್ತನೆಯ ತರಗತಿಯ ಎಲ್ಲ ಪತ್ರಿಕೆಗಳನ್ನು ನಾನೇ ಎರಡು ಬೆರಳಲ್ಲಿ ಕುಟ್ಟಿ, ಪಾಸ್‌ವರ್ಡು ಹಾಕಿ ಮುಚ್ಚಿದೆ. ಮಾಸ್ತರರು ಕೈಯಲ್ಲಿ ಬರೆದುಕೊಟ್ಟ ಹಾಳೆಗಳನ್ನು ಅವರೆದುರೇ ಸುಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಗಣಿತದ ಮಾಸ್ತರರು ಮಾತ್ರ ಸ್ವಲ್ಪ ತಡವಾಗಿ.

ನನ್ನ ನಿಜವಾದ ಭಯ ಶಾಲೆಯ ಅಧ್ಯಕ್ಷರಾದ ಗೌಡರದು. ಅವರ ಮೊಮ್ಮಗ ಒಂಬತ್ತನೆಯ ತರಗತಿಯಲ್ಲಿದ್ದ. ಗೌಡರು ಗದರುವವರಲ್ಲ. ಬಂದು ಕೂತು, ಚಹಾ ತರಿಸಿ, ಹೆಗಲ ಮೇಲೆ ಕೈಯಿಟ್ಟು, “ಮಾಸ್ತರ್ರ, ನೀವು ನಮ್ಮವರು” ಎನ್ನುತ್ತಾರೆ. ಅಷ್ಟಕ್ಕೇ ನನ್ನ ಬೆನ್ನೆಲುಬು ಗೋಧಿಹುಗ್ಗಿಯಾಗುತ್ತದೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲದ್ದರಿಂದ ಪಾಸ್‌ವರ್ಡನ್ನು ಎಲ್ಲೂ ಬರೆದಿಡದೆ ಹೆಂಡತಿ ಶಾಂತಾಳ ಕಿವಿಯಲ್ಲಿ ಹೇಳಿ ಆಣೆ ಹಾಕಿದೆ.

“ಘತ್ತರಗಿ ಭಾಗ್ಯವಂತಿ ಆಣಿ, ಇದನ್ನ ಯಾರಿಗೂ ಹೇಳಬ್ಯಾಡ.”

“ನೀವು ಕೇಳಿದ್ರ?”

“ನಾ ಕೇಳಿದ್ರಂತೂ ಹೇಳಲೇಬ್ಯಾಡ. ಗೌಡ್ರು ಕಳಿಸ್ಯಾರಂತ ತಿಳ್ಕೊ.”

ಆಣೆಯ ವಿಚಾರ ಹೊರಗಿನವರಿಗೆ ಹೇಳಿದರೆ ತಿಳಿಯದು. ನಮ್ಮಲ್ಲಿ ಛಾಪಾ ಕಾಗದಕ್ಕೆ ಸಹಿ ಹಾಕಿದವನು ಆ ಸಹಿ ತನ್ನದಲ್ಲ ಎನ್ನಬಹುದು. ಕೋರ್ಟಿನ ಕಟಕಟೆಯಲ್ಲಿ ಸಲೀಸಾಗಿ ಸುಳ್ಳು ಹೇಳಿ, ಹೊರಗೆ ಬಂದು ಎಲೆಅಡಿಕೆ ಹಾಕಿಕೊಳ್ಳಬಹುದು. ಅದೇ ಮನುಷ್ಯ ಭೀಮಾ ನದಿಯ ದಂಡೆಯ ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಗುಡಿಯ ಮುಂದೆ ನಿಂತರೆ ಬೆವರುತ್ತಾನೆ. ಬದುವಿನ ಕಲ್ಲು ಸರಿಸಿದವರು ಆಣೆಯ ಮಾತೆತ್ತಿದ ಕೂಡಲೇ ಅದನ್ನು ಮೊದಲಿನ ಜಾಗಕ್ಕೆ ತಂದಿಟ್ಟದ್ದುಂಟು.

ಸೋಮವಾರ ಪರೀಕ್ಷೆ. ಶನಿವಾರ ಪತ್ರಿಕೆ ಮುದ್ರಿಸಲು ಕುಳಿತೆ. ಯಂತ್ರ ಪಾಸ್‌ವರ್ಡು ಕೇಳಿತು. ನನ್ನ ತಲೆ ತೊಳೆದಿಟ್ಟ ಗಂಗಾಳದ ಹಾಗೆ ಖಾಲಿಯಾಗಿತ್ತು. ಮಕ್ಕಳ ಹೆಸರು ಕೊಟ್ಟೆ, ಮನೆದೇವರ ಹೆಸರು ಕೊಟ್ಟೆ, ಹೆಂಡತಿಯ ತವರೂರು ನರೋಣಾ ಅಂತಲೂ ಕುಟ್ಟಿದೆ. ಕೊನೆಗೆ ಗೌಡರ ಹೆಸರನ್ನೇ ಕೊಟ್ಟು ನೋಡಿದೆ. ಗೌಡರ ಹೆಸರು ಹೇಳಿದರೂ ತೆರೆಯದ ಬಾಗಿಲನ್ನು ನಮ್ಮ ತಾಲೂಕಿನಲ್ಲಿ ನಾನು ಕಂಡದ್ದು ಅದೊಂದೇ. ಯಂತ್ರ ಮಾರಿದ ಗುಲಬರ್ಗಾದ ಹುಡುಗನಿಗೆ ಫೋನು ಹಚ್ಚಿದರೆ, “ಎಲ್ಲಾ ಅಳಿಸಿಬಿಟ್ರ ಛಲೋ ನಡೀತದ್ರಿ ಸರ್” ಎಂದ.

ಮಾಸ್ತರರಿಗೆ ಮತ್ತೆ ಬರೆದುಕೊಡಿ ಎನ್ನೋಣವೆಂದರೆ, ಅಷ್ಟು ದೊಡ್ಡ ಭಾಷಣ ಬಿಗಿದ ಬಾಯಿ. ಪರೀಕ್ಷೆ ಮುಂದೂಡಿದರೆ ಊರೆಲ್ಲ ನಗುತ್ತಿತ್ತು. ಇದರ ನಡುವೆ ಗೌಡರು ಬಂದರು, ಚಹಾ ಬಂತು, ಹೆಗಲ ಮೇಲೆ ಕೈ ಬಂತು. “ಮೊಮ್ಮಗ ಗಣಿತದಾಗ ಸ್ವಲ್ಪ ಕಚ್ಚಾ ಅದಾನ್ರಿ. ನೀವು ಮನಸ್ಸು ಮಾಡಬೇಕು.” ನಾನು “ನೋಡೋಣ್ರಿ” ಎಂದೆ. ನಮ್ಮ ಕಡೆ ‘ನೋಡೋಣ’ ಎಂದರೆ ಮುಕ್ಕಾಲು ಪಾಲು ಆಯಿತೆಂದೇ.

ಮನೆಗೆ ಬಂದು ಶಾಂತಾಳನ್ನು ಕೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಹೇಳಂಗಿಲ್ರಿ.”

“ಖರೇನ ಮರತೇನಿ, ಶಾಂತಾ.”

“ಹಿಂಗ ಏನರೆ ನೆವ ತಗೊಂಡು ಬರ್ತೀರಂತನ ನೀವು ಆಣಿ ಹಾಕಿದ್ದು.”

ಆಕೆಯ ತರ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ತರ್ಕ ಕಲಿಸಿದವನೇ ನಾನು.

ಉಳಿದದ್ದು ಒಂದೇ ದಾರಿ. ಭಾನುವಾರ ಇಬ್ಬರೂ ಬಸ್ಸು ಹತ್ತಿ, ಆಣೆ ಬಿಡಿಸಿಕೊಳ್ಳಲು ಘತ್ತರಗಿಗೆ ಹೋದೆವು. ಪೂಜಾರಿ ಎಲ್ಲ ಕೇಳಿ, “ಆಣಿ ಹಾಕಿದವರು ತಾಯಿ ಮುಂದ ನಿಂತು, ಯಾಕ ಬಿಡಸಾಕತ್ತೇನಿ ಅಂತ ಖರೇ ಹೇಳಬೇಕ್ರಿ” ಎಂದ. ಹೋಳಿಗೆಯ ಬುಟ್ಟಿ ಹೊತ್ತು ಬಂದ ಹೆಂಗಸರೂ ಕೇಳಲು ನಿಂತರು. ಪಾಸ್‌ವರ್ಡು ಮರೆತಿದ್ದೇನೆ ತಾಯಿ, ಎಂದೆ. ಪೂಜಾರಿಗೆ ಅಷ್ಟು ಸಾಕಾಯಿತು. ಶಾಂತಾಗೆ ಸಾಕಾಗಲಿಲ್ಲ.

“ಗೌಡ್ರು ಬಂದಿದ್ರೋ ಇಲ್ಲೋ, ಅದನ್ನೂ ಹೇಳ್ರಿ.”

ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. “ಬಂದಿದ್ರು.”

“ನೀವೇನಂದ್ರಿ?”

“ನೋಡೋಣ ಅಂದೆ.”

ಮರೆತದ್ದು ನಿಜ. ಮರೆಯದಿದ್ದರೆ ಕೊಟ್ಟುಬಿಡುತ್ತಿದ್ದೆ ಎಂಬುದೂ ಅಷ್ಟೇ ನಿಜ. ಅದು ದೇವಿಗೂ ಹೆಂಡತಿಗೂ ಒಟ್ಟಿಗೇ ತಿಳಿಯಿತು, ನನಗೆ ಬಹಳ ನಾಚಿಕೆಯಾಯಿತು. ಆಕೆ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಪೂಜಾರಿಯ ಕಡೆ ತಿರುಗಿ, “ಆಣಿ ಬಿಡಸೂದು ಬ್ಯಾಡ್ರಿ, ಹಂಗೇ ಇರ್ಲಿ. ಹೇಳಬ್ಯಾಡ ಅಂದಾರ, ಗುಂಡಿ ಒತ್ತಬ್ಯಾಡ ಅಂದಿಲ್ಲ” ಎಂದಳು.

ಬಸ್ಸಿಳಿದವಳೇ ನೇರ ಶಾಲೆಗೆ ಬಂದಳು. ನನ್ನನ್ನು ಜಗಲಿಗೆ ಅಟ್ಟಿ ಕದ ಹಾಕಿಕೊಂಡಳು. ಏಳನೆಯ ತರಗತಿಯವರೆಗೆ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಬೆರಳಲ್ಲಿ ಹುಡುಕುತ್ತಿದ್ದಳೆಂದು ಕಾಣುತ್ತದೆ, ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ “ತೆರೀತ್ರಿ” ಎಂದಳು. ಮುಂದೆ ಯಾವ ಗುಂಡಿ ಒತ್ತಬೇಕೆಂದು ನಾನು ಕಿಟಕಿಯ ಹೊರಗಿನಿಂದ ಒದರಿದೆ, ಪ್ರಿಂಟರು ಕಿರುಚತೊಡಗಿತು. ಪತ್ರಿಕೆಗಳು ಲಕೋಟೆ ಸೇರಿ ಅರಗು ಬಿದ್ದ ಮೇಲೆ, ಪಾಸ್‌ವರ್ಡು ಬದಲಿಸುವುದು ಹೇಗೆಂದು ಕೇಳಿದಳು. ಅದನ್ನೂ ಕಿಟಕಿಯಿಂದಲೇ ಹೇಳಿಕೊಟ್ಟೆ.

ಸಂಜೆ ಗೌಡರು ಬಂದರು. “ಮಾಸ್ತರ್ರ, ಆ ಪಾಸ್‌ವರ್ಡು ಏನಂದ್ರಿ?”

“ಗೊತ್ತಿಲ್ರಿ ಗೌಡ್ರ. ಲಕೋಟೆ ನಮ್ಮ ಮನಿಯಾಕಿ ಕಡೆ ಅದಾವು.”

ಅಷ್ಟು ವರ್ಷಗಳಲ್ಲಿ ಅವರ ಮುಖ ನೋಡಿ ನಾನು ಆಡಿದ ಮೊದಲ ನೆಟ್ಟನೆಯ ಮಾತು ಅದು. ಗೌಡರು ಚಹಾ ಕುಡಿಯದೆ ಎದ್ದುಹೋದರು. ಕೊಡುವುದಿಲ್ಲ ಎನ್ನುವ ಎದೆಗಾರಿಕೆ ನನಗೆ ಕೊನೆಗೂ ಬರಲಿಲ್ಲ. ಕೊಡಲು ನನ್ನಲ್ಲಿ ಏನೂ ಉಳಿಯದ ಹಾಗೆ ಮಾಡಿ ಶಾಂತಾ ನನ್ನನ್ನು ಪ್ರಾಮಾಣಿಕನನ್ನಾಗಿಸಿದಳು. ನಿವೃತ್ತಿಯ ದಿನ ಆ ಗುಣಕ್ಕಾಗಿ ನನಗೆ ಶಾಲು ಹೊದಿಸಿದರು. ಅಂದಿನಿಂದ, ಪ್ರಾಮಾಣಿಕರೆಂದು ಹೆಸರಾದ ಯಾರನ್ನು ಕಂಡರೂ, ಇವರ ಪಾಸ್‌ವರ್ಡು ಯಾರ ಹತ್ತಿರ ಇದೆಯೋ ಎಂದು ಕೇಳಬೇಕೆನಿಸುತ್ತದೆ.