ದಾವಲಮಲಿಕನ ಮೋಟಾರಿಗೆ ಮಡಗಾರ್ಡು

ಝಳಕಿಯ ದಾವಲಮಲಿಕ ಮೊದಲು ಟಾಂಗಾ ಹೊಡೆಯುತ್ತಿದ್ದ. ಕುದುರೆಗೆ ವಯಸ್ಸಾದ ಮೇಲೆ ಸೋಲಾಪುರದಿಂದ ಒಂದು ಹಳೆಯ ಮೋಟಾರು ತಂದ. ಮೇಲೆ ಕ್ಯಾನ್ವಾಸಿನ ಹೊದಿಕೆ, ಎರಡೂ ಬದಿ ಬಯಲು. ಹೆದ್ದಾರಿಯಲ್ಲಿ ಬಸ್ಸಿಳಿದವರನ್ನು ಇಂಡಿಗೆ ಮುಟ್ಟಿಸುವುದು ಅವನ ಕಸುಬು. ಮಾಸ್ತರರು, ವಕೀಲರು, ಆಡು ಮಾರುವವರು ಎಲ್ಲರೂ ಹತ್ತುತ್ತಿದ್ದರು, ಕೆಲವೊಮ್ಮೆ ಆಡುಗಳೂ. ದಾವಲಮಲಿಕನಿಗೆ ದಾರಿಯುದ್ದಕ್ಕೂ ಮಾತು ಬೇಕು. ಹಿಂದೆ ಕೂತವರಿಗೆ ಕೇಳಲೆಂದು ಹೊರಳಿ ಹೊರಳಿ ಮಾತಾಡುತ್ತಿದ್ದ. ಜನರಿಗೆ ಅದೊಂದೇ ಹೆದರಿಕೆ.

ಮೋಟಾರಿನ ಮಡಗಾರ್ಡುಗಳು ತುಕ್ಕು ಹಿಡಿದು ಒಂದೊಂದಾಗಿ ಉದುರಿಹೋಗಿದ್ದವು. ಬೇಸಿಗೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಮಳೆ ಹಿಡಿದಾಗ ಎರೆಮಣ್ಣಿನ ಕೆಸರು ಗಾಲಿಯಿಂದೆದ್ದು ನೇರವಾಗಿ ಒಳಗೇ ಬರತೊಡಗಿತು. ಬಿಳಿ ಧೋತರದವರು ಮೈತುಂಬ ಕಪ್ಪು ಚುಕ್ಕಿ ಹೊತ್ತು ಇಳಿದರೆ ಇಂಡಿಯ ಚಹದಂಗಡಿಯವರು, "ಮಲಿಕನ ಗಾಡ್ಯಾಗ ಬಂದ್ರೇನ್ರಿ?" ಎಂದು ನಗುತ್ತಿದ್ದರು.

ಕಾರಹುಣ್ಣಿಮೆ ಕಳೆದ ಮೇಲೆ ಊರಿನ ಕಸ್ತೂರೆವ್ವ ಮಗಳು ಯಲ್ಲವ್ವನ ಲಗ್ನ ಗೊತ್ತುಮಾಡಲು ಇಂಡಿಗೆ ಹೊರಟಳು. ಗಂಡ ಸತ್ತ ಮೇಲೆ ಹೊಲಮನೆಯನ್ನು ಒಬ್ಬಳೇ ನಡೆಸಿದ ಗಟ್ಟಿ ಹೆಂಗಸು. ಅಂದು ಹೊಸ ಇಳಕಲ್ಲ ಸೀರೆ ಉಟ್ಟಿದ್ದಳು. ಬೀಗರ ಬಾಗಿಲಲ್ಲಿ ಇಳಿಯುವಾಗ ಸೆರಗಿನಿಂದ ಮೂಗಿನವರೆಗೆ ಕೆಸರು. ಬೀಗಿತಿ ನಗು ತಡೆದುಕೊಂಡು ನೀರು ಕೊಟ್ಟಳು. ಮಾತುಕತೆಯೇನೋ ಕುದುರಿತು. ಆದರೆ ಕಸ್ತೂರೆವ್ವನ ಸಿಟ್ಟು ಇಳಿಯಲಿಲ್ಲ.

"ಮಲಿಕಣ್ಣ, ಶ್ರಾವಣದಾಗ ನನ್ನ ಮಗಳು ಇದ ಗಾಡ್ಯಾಗ ಲಗ್ನಕ್ಕ ಹೋಗಾಕಿ. ಅಕಿ ಸೀರಿಗೆ ಒಂದ ಹನಿ ರಾಡಿ ಸಿಡೀತಂದ್ರ ನಿನ್ನ ಹಂದರದ ಕಂಬಕ್ಕ ಕಟ್ಟತೇನಿ ನೋಡು!"

"ಯಾಕ ಸಿಟ್ಟಾಗ್ತೀರಿ ಅಕ್ಕಾರ? ನಾಳೇನ ಮಡಗಾಡ ಹಾಕಸ್ತೇನಿ."

ಊರಿನ ಕಮ್ಮಾರ ಖಂಡೆಪ್ಪ ದಾವಲಮಲಿಕನ ಚಿಕ್ಕಂದಿನ ಗೆಳೆಯ. ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಡಾಂಬರಿನ ಪೀಪಾಯಿಗಳನ್ನು ಸೀಳಿ, ಬಡಿದು, ಬಾಗಿಸಿ, ನಾಲ್ಕೂ ಗಾಲಿಗಳ ಮೇಲೆ ಕಬ್ಬಿಣದ ಪಟ್ಟಿಯಿಂದ ಬಿಗಿದ. "ತೆಲಿಗೆ ಟೊಪಗಿ ಕುಂತಂಗ ಕುಂತೈತಿ ನೋಡ ದೋಸ್ತ," ಎಂದು ಹೆಮ್ಮೆಯಿಂದ ತಟ್ಟಿದ.

ಸಂತೆಯ ದಿನ ಮೋಟಾರು ತುಂಬಿ ಹೊರಟಿತು. ಎರೆಹೊಲದ ನಡುವೆ ಒಂದು ಸಲ ನರಳಿ ನಿಂತೇಬಿಟ್ಟಿತು. ಮಡಗಾರ್ಡು ಗಾಲಿಗೆ ತೀರ ಹತ್ತಿರವಿತ್ತು. ನಡುವೆ ಅಂಟುಮಣ್ಣು ಗಿಡಿದು ಗಾಲಿ ತಿರುಗದಾಗಿತ್ತು. ಎಲ್ಲರೂ ಇಳಿದು ಕುಡುಗೋಲು, ಕಟ್ಟಿಗೆ, ಸಿಕ್ಕಿದ್ದರಿಂದ ಕೆರೆಯತೊಡಗಿದರು. ಮುದುಕ ಯಂಕಪ್ಪ, "ಮೊದಲ ರಾಡಿ ಮಂದಿ ಮ್ಯಾಲ ಉಗಳತಿತ್ತು, ಈಗ ತಾನ ನುಂಗಾಕತ್ತೈತಿ," ಎಂದಾಗ ದಾವಲಮಲಿಕನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು.

ಮರುದಿನ ಮುಂಜಾನೆ ರೊಟ್ಟಿ ಮುರಿಯುತ್ತಿದ್ದ ದಾವಲಮಲಿಕನನ್ನು ಹೆಂಡತಿ ಸುಗ್ರಾ ಕೇಳಿದಳು. "ಅಲ್ರಿ, ಟಾಂಗಾದ ಗಾಲಿ ಯಾವಾಗರ ಹಿಂಗ ಸಿಕ್ಕೊಂಡಿತ್ತೇನು?"

"ಇಲ್ಲ."

"ಅದರ ಮಡಗಾಡ ಎಷ್ಟ ಮ್ಯಾಲಿತ್ತು! ನಾ ಒಳಗ ಕೈ ಹಾಕಿ ರಾಡಿ ತಗೀತಿದ್ನಲ್ಲ."

ದಾವಲಮಲಿಕ ಅರ್ಧ ರೊಟ್ಟಿ ಕೈಯಲ್ಲೇ ಹಿಡಿದು ಕಮ್ಮಾರಸಾಲೆಗೆ ಓಡಿದ. ಖಂಡೆಪ್ಪ ಮೊದಲು ಮುಖ ಊದಿಸಿದ. "ನನ್ನ ಕೆಲಸದಾಗ ಐಬ ತಗ್ಯಾಕ ಬಂದೀಯೇನು?" ರೊಟ್ಟಿಯಲ್ಲಿ ಪಾಲು ತಿಂದ ಮೇಲೆ ಉದ್ದನೆಯ ಪಟ್ಟಿ ಕಾಯಿಸಿ ಮಡಗಾರ್ಡುಗಳನ್ನು ಗೇಣು ಮೇಲೆತ್ತಿದ. ಸಿಡಿಯುವ ಕೆಸರು ತಡೆಯಲು ಹಿಂದೆ ಹಳೆಯ ಲಾರಿ ಟೈರಿನ ತುಂಡು ಇಳಿಬಿಟ್ಟ. ಆಮೇಲೆ ಒಗೆದ ಬಿಳಿ ಅಂಗಿ ತೊಟ್ಟು ತಾನೇ ಹಿಂದಿನ ಸೀಟಿನಲ್ಲಿ ಕೂತ. ಇಬ್ಬರೂ ಬೇಕೆಂದೇ ಕೆಟ್ಟ ದಾರಿ ಹುಡುಕಿ ಸುತ್ತಿ ಬಂದರು. ಅಂಗಿ ಬೆಳ್ಳಗೇ ಇತ್ತು.

ಲಗ್ನದ ದಿನವೂ ಮಳೆ. ಹಿಂದೆ ಕಸ್ತೂರೆವ್ವ ಮತ್ತು ಸೋದರತ್ತೆಯರು. ಮದುಮಗಳು ಯಲ್ಲವ್ವ ಮುಂದೆ. ಊರು ದಾಟುವವರೆಗೆ ತಲೆ ತಗ್ಗಿಸಿ ಕೂತಿದ್ದವಳು, ಆಮೇಲೆ ಹಾರ್ನಿನ ರಬ್ಬರು ಬುರುಡೆಯನ್ನೇ ನೋಡುತ್ತಿದ್ದಳು.

"ಮಲಿಕ ಕಾಕಾ, ನಾ ಒಮ್ಮಿ ಒತ್ತಲ್ಯಾ?"

"ಒತ್ತವಾ, ಇವತ್ತ ಗಾಡಿ ನಿಂದ ಐತಿ."

ಅಲ್ಲಿಂದ ಇಂಡಿಯವರೆಗೆ ಪೀಂ ಪೀಂ ನಿಲ್ಲಲಿಲ್ಲ. "ಮಂದಿ ಏನಂದಾರು!" ಎಂದು ಬೈಯುತ್ತಿದ್ದ ಕಸ್ತೂರೆವ್ವ ಕೊನೆಗೆ ತಾನೇ ನಗತೊಡಗಿದಳು. ಸದ್ದು ಕೇಳಿ ಬೀಗರು ಕೊಡೆ ಹಿಡಿದು ಓಡಿಬಂದರು, ವಾಜಂತ್ರಿಯವರೂ ಬಾರಿಸತೊಡಗಿದರು. ಯಲ್ಲವ್ವ ಇಳಿದಾಗ ಕಸ್ತೂರೆವ್ವ ಸೀರೆಯ ಅಂಚನ್ನು ಸುತ್ತ ನೋಡಿದಳು. ಒಂದು ಚುಕ್ಕಿಯೂ ಇರಲಿಲ್ಲ. ಊಟದ ಹೊತ್ತಿಗೆ ಮೊದಲ ಬುಂದೆ ಉಂಡೆಯನ್ನು ದಾವಲಮಲಿಕನ ಕೈಗಿಟ್ಟು, "ಇದು ಸುಗ್ರಾಗ," ಎಂದು ಇನ್ನೆರಡು ಕಟ್ಟಿಕೊಟ್ಟಳು.

ಮುಂದೆ ಬಸ್ಸುಗಳು ಹೆಚ್ಚಾಗಿ ದಾವಲಮಲಿಕ ಮೋಟಾರು ಮಾರಿ ನಿಂಬೆಗಿಡ ಹಚ್ಚಿದ. ಅಲ್ಲಿಯವರೆಗೆ ಸುತ್ತಲಿನ ಹಳ್ಳಿಗಳಲ್ಲಿ ಮದುಮಗಳಾದವರೆಲ್ಲ ಅವನ ಪಕ್ಕದ ಸೀಟಿನಲ್ಲೇ ಕೂತು, ಹಾರ್ನು ಒತ್ತುತ್ತ ಗಂಡನ ಊರಿಗೆ ಹೋದರು.