ಕಾಳಾಚಾರ್ರ ಮೂರು ಚುಕ್ಕಿ

ಕಾಳಾಚಾರ್ರು ಕಬ್ಬಿಣ ಆರಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತುಂಡನ್ನು ತಂತಿಯಲ್ಲಿ ನೇತುಹಾಕಿ, ಸಣ್ಣ ಸುತ್ತಿಗೆಯಿಂದ ಒಂದೇಟು ಹಾಕಿ, ದನಿ ಪೂರ್ತಿ ಅಡಗುವವರೆಗೂ ಕಿವಿಗೊಟ್ಟು ನಿಂತಿರುತ್ತಿದ್ದರು. ಗಣಗಣ ಅಂದರೆ ಒಳಗೆ, ಡಬ್ ಅಂದರೆ ರಸ್ತೆಗೆ. ಹಾಗೆ ರಸ್ತೆಗೆ ಬಿದ್ದ ತುಂಡುಗಳನ್ನು ಬೇರೆ ಶೆಡ್ಡಿನವರು ಬಂದು ಆರಿಸಿಕೊಂಡು ಹೋಗುತ್ತಿದ್ದರು.

ಅವರದು ಬೆಳ್ಳೂರು ಕ್ರಾಸಿನಲ್ಲಿ ತಗಡಿನ ಶೆಡ್ಡು. ಒಂದು ಮೂಲೆಯಲ್ಲಿ ಅಪ್ಪನ ಕಾಲದ ಕುಲುಮೆ, ಇನ್ನೊಂದು ಮೂಲೆಯಲ್ಲಿ ವೆಲ್ಡಿಂಗ್ ಮಿಷನ್ನು. ನೇಗಿಲ ಗುಳದಿಂದ ಹಿಡಿದು ಲಾರಿಯ ಕಮಾನು ಪಟ್ಟಿಯವರೆಗೆ ಏನು ಕೊಟ್ಟರೂ ಮಾಡುತ್ತಿದ್ದರು. ಬಾಯಿ ಮಾತ್ರ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಸುತ್ತಿಗೆಯನ್ನು ನಮ್ಮ ಕೈಗೇ ಕೊಟ್ಟು, "ಹೊಡಿಲಾ, ನಿನ್ ಕೈಯಾರ ಹೊಡಿ. ಮುರುದ್ರೆ ಇಲ್ಲೇ ಮುರೀಲಿ, ನಾಳೆ ದಾರೀಲಿ ನಿಂತ್ಕಂಡು ನನ್ ಬೈಬ್ಯಾಡ" ಅನ್ನುತ್ತಿದ್ದರು. ನಾವು ಹೊಡೆದು, ಅದು ತಡೆದರೆ, ಉಳಿಯ ತುದಿಯಿಂದ ಪಕ್ಕಪಕ್ಕಕ್ಕೆ ಮೂರು ಚುಕ್ಕಿ ಇಡುತ್ತಿದ್ದರು. ಅದು ಅವರ ರುಜು. ನಮ್ಮ ಸೀಮೆಯಲ್ಲಿ ಮೂರು ಚುಕ್ಕಿ ಇರುವ ಕುಡುಗೋಲಿಗೆ ಹೆಂಗಸರು ಜಗಳ ಕಾಯುತ್ತಿದ್ದರು.

ತೊಂಬತ್ತೈದೋ ತೊಂಬತ್ತಾರೋ ಇರಬೇಕು, ನನಗೆ ರೇಸಿನ ಹುಚ್ಚು ಹತ್ತಿತು. ಬೆಂಗಳೂರಿನ ಹೊರಗೆ ನೇರ ರಸ್ತೆಯಲ್ಲಿ ಎರಡು ಕಾರು ಪಕ್ಕಪಕ್ಕ ನಿಲ್ಲಿಸಿ, ಕಾಲು ಮೈಲಿ ಯಾರು ಮೊದಲು ಮುಟ್ಟುತ್ತಾರೆ ಅಂತ ಓಡಿಸುವ ಆಟ. ನನ್ನದು ಅಪ್ಪನ ಹಳೇ ಕಾರು, ಇಂಜಿನ್ ಮಾತ್ರ ಹೊಸದು. ಒಮ್ಮೆಲೇ ಆಕ್ಸಿಲರೇಟರ್ ತುಳಿದರೆ ಹಿಂದಿನ ಚಕ್ರಗಳು ಕುಪ್ಪಳಿಸುತ್ತಿದ್ದವು. ಹಿಂದಿನ ಆಕ್ಸಲ್ಲು ಹೊತ್ತ ಕಮಾನು ಪಟ್ಟಿಗಳನ್ನು ಕಾರಿನ ತಳಕ್ಕೆ ಹಿಡಿದಿಡುವ ಬ್ರಾಕೆಟ್ಟುಗಳು, ಎಡಕ್ಕೊಂದು ಬಲಕ್ಕೊಂದು, ಆ ಎಳೆತಕ್ಕೆ ತಡೆಯುವಂಥವಲ್ಲ. ಬೆಂಗಳೂರಿನಿಂದ ಫಳಫಳ ಹೊಳೆಯುವ ಒಂದು ಜೊತೆ ತಂದು ಆಚಾರ್ರ ಮುಂದಿಟ್ಟೆ.

ಅವರು ಒಂದನ್ನು ತಂತಿಗೆ ಕಟ್ಟಿ ಹೊಡೆದರು. ಡಬ್ ಅಂತು.

"ಎರಕ ಕಣ್ಲಾ ನಂಜೇಶ ಇದು. ಮ್ಯಾಲೆ ನಿಕ್ಕಲ್ಲು, ಒಳಗೆ ಬೂದಿ. ಮದುವೆ ಮನೆ ಚೆಂಬಿಗಾಯ್ತದೆ, ಕಾರಿಗಾಗಾಕಿಲ್ಲ. ಎಸೀ ಅತ್ಲಾಗೆ."

ಗುಜರಿಗೆ ಬಂದಿದ್ದ ಲಾರಿಯ ಚಾಸಿಯಿಂದ ಕಬ್ಬಿಣದ ಹಲಗೆ ಕೊಯ್ದು ತಾವೇ ಬ್ರಾಕೆಟ್ಟು ಮಾಡತೊಡಗಿದರು. ಶುಕ್ರವಾರ ಸಂಜೆಗೆ ಬಲಗಡೆಯದು ಮುಗಿಯಿತು. ನಾನು ಹೊಡೆದೆ, ತಡೆಯಿತು, ಮೂರು ಚುಕ್ಕಿ ಬಿತ್ತು, ಅವರೇ ಅಂಗಾತ ಮಲಗಿ ಕಾರಿಗೆ ಕೂರಿಸಿದರು. ಎಡಗಡೆಯದಕ್ಕೆ ಅಷ್ಟು ಒಳ್ಳೆಯ ತುಂಡು ಸಿಕ್ಕಿರಲಿಲ್ಲ. ಭಾನುವಾರ ರೇಸು. ನಡುವೆ ಶನಿವಾರ ಅಮಾವಾಸ್ಯೆ. ಅಮಾವಾಸ್ಯೆ ದಿನ ಆಚಾರ್ರು ಕುಲುಮೆ ಹಚ್ಚುವವರಲ್ಲ, ಸುತ್ತಿಗೆಯನ್ನೂ ಮುಟ್ಟುವವರಲ್ಲ.

"ಒಂದಿನ ಬುಟ್ಬುಡಿ ಆಚಾರ್ರೇ" ಅಂದೆ.

"ನಮ್ಮಪ್ಪ ಬುಡ್ನಿಲ್ಲ, ನಾನೂ ಬುಡಾಕಿಲ್ಲ. ಒಂದು ರೇಸು ಓದ್ರೆ ಇನ್ನೊಂದು ಬತ್ತದೆ. ಸೋಮವಾರ ಬಾ."

ನಾನು ಸೋಮವಾರದವರೆಗೆ ಕಾಯಲಿಲ್ಲ. ಶನಿವಾರ ಹಗಲು ನಮ್ಮ ಹಟ್ಟಿಯ ಮುಂದೆ, ನನ್ನ ಈ ದರಿದ್ರ ಕೈಯಿಂದಲೇ, ಅವರು ಎಸೆ ಅಂದಿದ್ದ ಹೊಳೆಯುವ ಬ್ರಾಕೆಟ್ಟನ್ನು ಎಡಗಡೆಗೆ ಬೋಲ್ಟು ಹಾಕಿ ಬಿಗಿದೆ. ನೋಡಿದವರು ನಗಬಾರದು ಅಂತ ಎರಡಕ್ಕೂ ಕರೀ ಬಣ್ಣ ಬಳಿದೆ. ಹೆಂಡತಿಯ ತಮ್ಮ ಮಾದೇಶ ಭಾನುವಾರ ಬೆಳಿಗ್ಗೆ ಕೆ.ಆರ್. ಪೇಟೆಯಿಂದ ಬಂದವನು, "ಬಾವ, ನಾನೇ ಓಡಿಸ್ತೀನಿ" ಅಂದ. ಕೊಟ್ಟೆ.

ಬಾವುಟ ಬಿದ್ದು ಎರಡು ಉಸಿರು ಎಳೆಯುವಷ್ಟರಲ್ಲಿ ಎಡಗಡೆಯ ಬ್ರಾಕೆಟ್ಟು ಸೀಳಿಹೋಯಿತು. ಹಿಂದಿನ ಆಕ್ಸಲ್ಲು ಓರೆಯಾಗಿ ಕಾರು ಗಿರ್ರನೆ ತಿರುಗಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಮಾದೇಶನ ಮೊಣಕಾಲು ಪುಡಿಯಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾವ ನನ್ನ ಕೊರಳಪಟ್ಟಿ ಹಿಡಿದು, "ಯಾವನ್ಲಾ ಕೆಲ್ಸ ಮಾಡಿದ್ದು?" ಅಂದರು. ಹೆಂಡತಿ ಪಕ್ಕದಲ್ಲಿ ಅಳುತ್ತ ನಿಂತಿದ್ದಳು.

"ಕಾಳಾಚಾರಿ" ಅಂದೆ.

ಒಂದೇ ಮಾತು. ಯೋಚನೆಯನ್ನೂ ಮಾಡಲಿಲ್ಲ, ಅಷ್ಟು ಸಲೀಸಾಗಿ ಬಂತು.

ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದವರೆಗೂ ಮಾತು ಬಸ್ಸಿಗಿಂತ ಬೇಗ ಹೋಯಿತು. ಹದಿನೈದು ದಿನ ಕಳೆದು ಆಚಾರ್ರು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯ ಕೆಳಗೇ ನಿಂತರು. ಜಗಲಿಯ ಮೇಲೆ ಮಾವ ಕೂತಿದ್ದರು.

"ಮುರುದಿದ್ ತುಂಡು ತೋರ್ಸು ನಂಜೇಶ."

"ಕಾರೆಲ್ಲ ಗುಜರಿಗೆ ಹೋಯ್ತು ಆಚಾರ್ರೇ."

"ಓಗ್ಲಿ. ಮುರುದಿದ್ದು ಎಡಗಡೇದಾ, ಬಲಗಡೇದಾ? ಅಷ್ಟು ಯೋಳು ಸಾಕು."

ಎಡಗಡೆ ಅಂದಿದ್ದರೆ ಅವರು ಬಂದ ದಾರಿಯಲ್ಲಿ ತಲೆಯೆತ್ತಿ ವಾಪಸ್ಸು ಹೋಗುತ್ತಿದ್ದರು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಲಗಡೇದು" ಅಂದೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆನೇನೋ. ಬಲಗೈಯನ್ನು ಒಮ್ಮೆ ಮಗುಚಿ ನೋಡಿಕೊಂಡು, ಮಾವನಿಗೆ ಕೈಮುಗಿದು ಹೊರಟುಹೋದರು. ಆ ತಿಂಗಳೇ ವೆಲ್ಡಿಂಗ್ ಮಿಷನ್ನು ಮಾರಿದರಂತೆ. ಗಿರಾಕಿ ಬರುತ್ತಿದ್ದರು, ಅವರೇ ಮಾಡಿಕೊಡಲಿಲ್ಲ ಅಂತ ಕ್ರಾಸಿನ ಹೋಟೆಲಿನವನು ಹೇಳಿದ.

ಅವರನ್ನು ಕೊನೆಯ ಸಲ ಕಂಡಿದ್ದು ಮೂರು ವರ್ಷದ ಮೇಲೆ, ನಾಗಮಂಗಲದ ಸಂತೆಯಲ್ಲಿ. ಗೋಣಿಚೀಲದ ಮೇಲೆ ಹತ್ತಾರು ಕುಡುಗೋಲು ಹರಡಿಕೊಂಡು ಕೂತಿದ್ದರು. ತಪ್ಪಿಸಿಕೊಂಡು ಹೋಗೋಣ ಅಂದರೆ ನನ್ನ ಹೆಂಡತಿ ಆಗಲೇ ಕುಡುಗೋಲು ಕೈಗೆತ್ತಿಕೊಂಡಿದ್ದಳು. ಅವರು ಅವಳನ್ನು ಗುರುತಿಸಿದರು.

"ನಿನ್ ತಮ್ಮನ ಕಾಲು ಎಂಗದವ್ವ?"

"ಕುಂಟ್ತಾನೆ" ಅಂದಳು, ಬಿರುಸಾಗಿ.

"ನನ್ ಕೈಯಿಂದ ಆಗೋಯ್ತು ಕಣವ್ವ. ಒಟ್ಟೇಗಾಕ್ಕೊ."

ಏನಾದರೂ ಆಡಬೇಕಲ್ಲ ಅಂತ ಒಂದು ಕುಡುಗೋಲು ತಿರುಗಿಸಿ ನೋಡಿದೆ. ಚುಕ್ಕಿ ಇರಲಿಲ್ಲ. ಇನ್ನೊಂದರಲ್ಲೂ ಇರಲಿಲ್ಲ.

"ಮೂರು ಚುಕ್ಕಿ ಇಟ್ಟಿಲ್ವಲ್ಲ ಆಚಾರ್ರೇ?"

"ಈಗ ಇಕ್ಕಾಕಿಲ್ಲ ಕಣಪ್ಪ. ಅವತ್ತು ನಾನು ಸರಿಯಾಗೇ ಕೇಳಿದ್ದೆ, ಗಣಗಣ ಅಂದಿತ್ತು. ನಿನ್ ಕೈಲೂ ಹೊಡ್ಸಿದ್ದೆ, ಅಲ್ವಾ? ಆದ್ರೂ ಮುರೀತು. ಅಂಗಾದ್ಮೇಲೆ ನನ್ ಕಿವಿ ನಾನು ಎಂಗ್ಲಾ ನಂಬ್ಲಿ?"

ಮರು ವರ್ಷ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ. ಕಾರು ಗುಜರಿಗೆ ಹಾಕುವ ಮೊದಲು ಬಲಗಡೆಯ ಬ್ರಾಕೆಟ್ಟನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದೆ. ಅಟ್ಟದ ಮೇಲೆ, ಹೆಂಡತಿಯ ಕಣ್ಣಿಗೆ ಬೀಳದ ಕಡೆ ಇದೆ. ಮನೆಯಲ್ಲಿ ಯಾರೂ ಇಲ್ಲದಾಗ ತಂತಿಗೆ ಕಟ್ಟಿ ಒಂದೇಟು ಹಾಕುತ್ತೇನೆ. ಅದರ ದನಿ ಅಡಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.